ನುಂಗಿದ ಸೀನು

ಈ ಸೀನನ್ನೂ ಟೈಲರಮ್ಮ ನುಂಗಿದಳು. ಮಾಸ್ಕಿನ ಮೇಲಿಂದಲೇ ಮೂಗು ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಲ್ಲಿಯ ಕೆಳಗೆ ಮತ್ತೆ ಕೈಯೊಡ್ಡಿದಳು. ಎದುರಿನ ಗಾಜಿನ ಕೋಣೆಯಲ್ಲಿ ಏಳು ವರ್ಷದ ಮಗಳು ಮಲಗಿದ್ದಳು. ಕ್ಯಾನ್ಸರಿನ ಔಷಧ ಅವಳ ರಕ್ತದ ಬಿಳಿ ಕಣಗಳನ್ನೆಲ್ಲ ಗುಡಿಸಿ ಹಾಕಿತ್ತು. ಯಾರದೋ ಒಂದು ನೆಗಡಿ ತಗುಲಿದರೂ ಜೀವಕ್ಕೇ ಕುತ್ತು. ನೆಗಡಿ ಇದ್ದವರು ಒಳಗೆ ಕಾಲಿಡಬಾರದು ಎಂದು ಸಿಸ್ಟರ್ ದಿನಾ ಹೇಳುತ್ತಿದ್ದರು. ಸರಿ, ಇವಳು ಹೊರಗುಳಿದರೆ ಒಳಗೆ ಕೂರುವವರು ಯಾರು? ಗಂಡ ಎನ್ನಿಸಿಕೊಂಡವನು ಕಾಯಿಲೆಯ ಹೆಸರು ಕೇಳಿದ ತಿಂಗಳಲ್ಲೇ ನಾಪತ್ತೆ.

ಇದು ನೆಗಡಿಯಲ್ಲ, ಬರೀ ಧೂಳು ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಸುಳ್ಳು ಈಗ ಮೂಗಿನಿಂದ ಸೋರುತ್ತಿತ್ತು.

ಪಕ್ಕದ ನಲ್ಲಿಯಲ್ಲಿದ್ದ ಬಸ್ ಡ್ರೈವರ್ ಓರೆಗಣ್ಣಲ್ಲಿ ನೋಡಿದ. ಅವನೂ ಒಬ್ಬನೇ, ಹೆಂಡತಿ ತೀರಿಕೊಂಡಿದ್ದಳು. ಅದೇ ವಾರ್ಡಿನಲ್ಲಿದ್ದ ಮಗನ ಈ ಸಲದ ಚಿಕಿತ್ಸೆ ಮುಗಿದು ಅಪ್ಪ, ಮಗ ಅವತ್ತೇ ಮನೆಗೆ ಹೊರಟಿದ್ದರು.

"ಏನಮ್ಮಾ, ಶೀತಾನಾ?"

"ಶೀತಾನೂ ಇಲ್ಲ, ಗೀತಾನೂ ಇಲ್ಲ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಣ್ಣಾ."

ಅವನು ತನ್ನ ಕೆಲಸವನ್ನೇ ನೋಡಿಕೊಂಡ. ನೆಟ್ಟಗೆ ಹೋಗಿ ಸಿಸ್ಟರಿಗೆ ಹೇಳಿಬಿಟ್ಟ. ಒಳಗೆ ಹೋಗಲು ಹಾಕಬೇಕಾದ ಗೌನಿಗೆ ಟೈಲರಮ್ಮ ಒಂದು ತೋಳು ತೂರಿಸಿ ಇನ್ನೊಂದನ್ನು ಹುಡುಕುತ್ತಿದ್ದಾಗಲೇ ಸಿಸ್ಟರ್ ಬಂದು ಬಾಗಿಲಿಗೆ ಅಡ್ಡ ನಿಂತರು.

ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. "ಚಾಡಿ ಹೇಳೋಕೆ ನಾಚ್ಕೆ ಆಗ್ಲಿಲ್ವಾ ನಿಮಗೆ? ನಿಮ್ಮ ಮಗ ಮನೆಗೆ ಹೊರಟ, ನಿಮಗೇನು! ನನ್ನ ಮಗು ಎದ್ದು ಅಮ್ಮಾ ಅಂದ್ರೆ ಓ ಅನ್ನೋರು ಯಾರು? ನಿಮ್ಮಪ್ಪನಾ?"

"ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ನಾನು ಓ ಅಂತೀನಿ," ಎಂದು ಡ್ರೈವರ್ ಹೊಸ ಗೌನಿಗೆ ಕೈಚಾಚಿದ. "ನನ್ನ ಎಷ್ಟು ಬೇಕಾದ್ರೂ ಬೈರಿ. ನಾಳೆ ನಿಮ್ಮನ್ನ ನೀವೇ ಬೈಕೊಳ್ಳೋ ಹಾಗಾಗೋದು ಬೇಡ."

"ಮತ್ತೆ ನಿಮ್ಮ ಮಗ?"

"ಕೈಗೆ ಮೊಬೈಲ್ ಕೊಟ್ಟಿದೀನಿ. ಸಂಜೆವರೆಗೂ ಅಪ್ಪ ಅನ್ನೋನೊಬ್ಬ ಇದಾನೆ ಅಂತ ನೆನಪೂ ಬರಲ್ಲ ಬಿಡಿ."

ಸಿಸ್ಟರ್ ಅವನ ಜ್ವರ ನೋಡಿ, ಗಂಟಲು ನೋಡಿ ಒಳಗೆ ಬಿಟ್ಟರು. ಟೈಲರಮ್ಮ ಒಪ್ಪಿದಳೋ, ಬೇರೆ ದಾರಿ ಕಾಣದೆ ಸುಮ್ಮನಾದಳೋ, ಅಂತೂ ಗಾಜಿನ ಈಚೆ ಉಳಿದಳು. ಕೂತಳು, ಎದ್ದಳು, ಮತ್ತೆ ಕೂತಳು. ಹೊದಿಕೆ ಸರಿಮಾಡಿ, ಕುದಿಸಿದ ನೀರೇ ಕೊಡಿ, ದಿಂಬು ಎತ್ತರವಾಯ್ತು ಎಂದು ಗೋಡೆಯ ಫೋನಿನಲ್ಲಿ ಡ್ರೈವರನ ತಲೆ ತಿಂದಳು. ಹೊರಗಿದ್ದವರು ಒಳಗಿನವರ ಜೊತೆ ಮಾತಾಡಲೆಂದೇ ಗಾಜಿನ ಎರಡೂ ಕಡೆ ಒಂದೊಂದು ಫೋನ್ ಇಟ್ಟಿದ್ದರು.

ಮಗಳು ಎಚ್ಚರಗೊಂಡಳು. ಡ್ರೈವರ್ ಫೋನನ್ನು ಅವಳ ಕಿವಿಗೆ ಹಿಡಿದ.

"ನೋಯ್ತಿದೆಯಾ ಕಂದಾ?"

"ಇಲ್ಲಮ್ಮಾ, ಚೂರೂ ಇಲ್ಲ."

ಯಾವಾಗ ಕೇಳಿದರೂ ಅದೇ ಉತ್ತರ. ನನ್ನ ಮಗಳು ಎಂಥ ಗಟ್ಟಿಗಿತ್ತಿ ಎಂದು ಟೈಲರಮ್ಮ ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಸಮಾಧಾನವಾಗಿ, ಫೋನ್ ಕಿವಿಗಿಟ್ಟುಕೊಂಡೇ ಬೆಂಚಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ಒಳಗೆ ಡ್ರೈವರ್ ತನ್ನ ಕಡೆಯ ಫೋನನ್ನು ಕಟ್ ಮಾಡದೆ ಹಾಗೇ ದಿಂಬಿನ ಪಕ್ಕ ಇಟ್ಟ. ಅಮ್ಮ ನಿದ್ದೆಹೋದಳೆಂದು ಮಗಳಿಗೆ ಅನ್ನಿಸಿರಬೇಕು.

"ಮಾಮಾ, ಬಾಯಿ ತುಂಬಾ ಹುಣ್ಣು. ಎಂಜಲು ನುಂಗೋಕೂ ಆಗ್ತಿಲ್ಲ. ಸಿಸ್ಟರ್‌ಗೆ ಹೇಳ್ತೀರಾ?" ಪಿಸುಮಾತು ಟೈಲರಮ್ಮನ ಕಿವಿಗೆ ಸ್ಪಷ್ಟವಾಗಿ ಬಿತ್ತು. "ಅಮ್ಮಂಗೆ ಮಾತ್ರ ಹೇಳ್ಬೇಡಿ. ಪಾಪ, ಅವಳಿಗೆ ಯಾರೂ ಇಲ್ಲ."