ಗೋಳಗುಮ್ಮಟದಲ್ಲಿ ಅವ್ವನ ದನಿ

ರೋಗ ಉಸಿರಿನಿಂದ ಹರಡುತ್ತಿದ್ದುದರಿಂದ ಜನ ಮನೆಯೊಳಗೂ ಬಾಯಿಗೆ ಉಸಿರು ತಡೆದು ಮಾತನ್ನಷ್ಟೇ ಹೊರಗೆ ನುಡಿಯುವ ಡಬ್ಬಿ ಕಟ್ಟಿಕೊಂಡೇ ಮಾತಾಡುತ್ತಿದ್ದರು. ಎಲ್ಲ ಡಬ್ಬಿಗಳಿಗೂ ರೈಲು ನಿಲ್ದಾಣದ ಪ್ರಕಟಣೆಯಂಥ ಒಂದೇ ದನಿ. ಜೋಗುಳವೂ ಅದರಲ್ಲೇ, ಬೈಗುಳವೂ ಅದರಲ್ಲೇ. ಐದು ವರ್ಷದ ದಾನಮ್ಮ ತನ್ನ ಅವ್ವ ಕಸ್ತೂರಿಯ ಸ್ವಂತ ದನಿಯನ್ನು ಕೇಳಿಯೇ ಇರಲಿಲ್ಲ.

ಅದಕ್ಕೇ ಆ ಭಾನುವಾರ ಕಸ್ತೂರಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ವಿಜಯಪುರದ ಗೋಳಗುಮ್ಮಟ ಹತ್ತಿದಳು. ಅವರಿಬ್ಬರನ್ನು ಪಿಸುಮಾತೂ ಆಚೆ ಬದಿಗೆ ಕೇಳಿಸುವ ಮೇಲಿನ ದುಂಡು ಮೊಗಸಾಲೆಯ ಒಂದು ಬದಿಗೆ ನಿಲ್ಲಿಸಿ, ತಾನು ಎದುರು ಬದಿಗೆ ಹೋಗಿ ಡಬ್ಬಿಯ ಪಟ್ಟಿ ಸಡಿಲಿಸಿದಳು.

"ಏ ಅಕ್ಕಾರ, ಏನ್ ಮಾಡಾಕತ್ತೀರಿ?" ದೂರದಿಂದಲೇ ಕಾವಲುಗಾರನ ಡಬ್ಬಿ ಗದರಿತು. "ಕಟ್ಕೋರಿ! ಇಲ್ಲಂದ್ರ ಮೂರೂ ಮಂದೀನ ಕೆಳಗ ಕಳಸ್ತೀನಿ."

"ಅಲ್ಲೀತನಕ ನನ್ನ ಉಸಿರು ಮುಟ್ಟಂಗಿಲ್ಲೋ ತಮ್ಮಾ. ದನಿ ಮುಟ್ಟತೈತಿ," ಅಂದಿತು ಕಸ್ತೂರಿಯ ಡಬ್ಬಿ.

ಕಸ್ತೂರಿ ಡಬ್ಬಿ ಕಳಚಿ, ಗೋಡೆಗೆ ಮುಖಮಾಡಿ ಮೆಲ್ಲಗೆ ಕರೆದಳು: "ದಾನವ್ವಾ..."

ಆಚೆ ಬದಿಯಲ್ಲಿ ಮಗಳು ಬೆಚ್ಚಿ ಗೋಡೆಗೆ ಕಿವಿ ಹಚ್ಚಿದಳು. ಗುಮ್ಮಟ ಆ ಹೆಸರನ್ನು ಮತ್ತೆ ಮತ್ತೆ ಕರೆಯತೊಡಗಿತು.

"ನಿಲ್ಲಸ್ರೀ!" ಎಂದ ಕಾವಲುಗಾರ.

ಕಸ್ತೂರಿ ಆಗಲೇ ಡಬ್ಬಿ ಕಟ್ಟಿಕೊಂಡಿದ್ದಳು. ಮೇಲೆ ಅವಳ ದನಿ ಇನ್ನೂ ಮಗಳನ್ನು ಕರೆಯುತ್ತಲೇ ಇತ್ತು.

"ನಾ ಕಟ್ಕೊಂಡೀನಿ," ಅಂದಿತು ಅವಳ ಡಬ್ಬಿ. "ಕೈಲಾದ್ರ ಗುಮ್ಮಟದ ಬಾಯಿ ನೀನ ಕಟ್ಟು."