ಮಗಳ ಡ್ರಮ್ಮು

"ಡ್ರಮ್ಮಿನ ಸ್ಕಿನ್ ಹಾಳಾಗಿದೆ ಅಂತ ಫೋನಲ್ಲಿ ಹೇಳಿದ್ರಿ. ಎಲ್ಲಾ ಸರಿಯಾಗೇ ಇದೆಯಲ್ಲ ಸಾರ್?" ಎಂದ ರಿಪೇರಿಯವನು.

"ಸದ್ದು ಸರಿಯಿಲ್ಲ," ಎಂದರು ಯಜಮಾನರು. ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಮಗಳು ತೀರಿಕೊಂಡ ಮೇಲೆ ದಿನಾ ಸಂಜೆ ಅವರೇ ಅವಳ ಕೋಣೆಗೆ ಬಂದು, ಅವಳ ಸ್ಟೂಲಿನ ಮೇಲೆ ಕೂತು, ದೊಡ್ಡ ಡ್ರಮ್ಮಿನ ಪೆಡಲ್ ಒತ್ತುತ್ತಿದ್ದರು. "ಅವಳು ಬಾರಿಸ್ತಿದ್ದಾಗ ಹೀಗಿರಲಿಲ್ಲ. ಇದು ಎದೆಗೇ ಗುದ್ದಿದ ಹಾಗಿದೆ."

ಅವನು ದಪ್ಪನೆಯ ಸ್ಕಿನ್ ಹಾಕಿ ಪೆಡಲ್ ಒತ್ತಿದ.

"ಇಲ್ಲ. ಇನ್ನೂ ಮೆತ್ತಗಿತ್ತು."

ಸುತ್ತಲಿನ ತಿರುಪುಗಳನ್ನು ಸಡಿಲಿಸಿದ. ಡ್ರಮ್ಮಿನೊಳಗೆ ಒಂದು ದಿಂಬನ್ನೂ ತುರುಕಿದ.

"ಇಲ್ಲಪ್ಪ. ಎಲ್ಲೋ ದೂರದಿಂದ ಬಂದ ಹಾಗಿರ್ತಿತ್ತು."

"ಇನ್ನು ಸಡಿಲ ಮಾಡಿದ್ರೆ ಸ್ಕಿನ್ ಸುಕ್ಕು ಬೀಳುತ್ತೆ ಸಾರ್." ಅವನು ಬೆವರು ಒರೆಸಿಕೊಂಡ. "ನಿಮ್ಮ ಮಗಳು ಬಾರಿಸುವಾಗ ನೀವು ಎಲ್ಲಿ ಕೂತು ಕೇಳ್ತಿದ್ರಿ?"

ಯಜಮಾನರು ಕೋಣೆಯ ಬಾಗಿಲಿನ ಕಡೆ ತಿರುಗಿ ನೋಡಿದರು. ಆಮೇಲೆ, "ಹಳೇ ಸ್ಕಿನ್ನೇ ಹಾಕಪ್ಪ," ಎಂದರು.

ಅವನು ಅದನ್ನೇ ಹಾಕಿ, ದಿಂಬು ತೆಗೆದು, ಮೊದಲಿನಷ್ಟೇ ಬಿಗಿ ಮಾಡಿದ. ಯಜಮಾನರು ಕೋಣೆಯಿಂದ ಆಚೆ ಹೋಗಿ, ಅಭ್ಯಾಸವಾಗಿಹೋದವರಂತೆ ಬಾಗಿಲನ್ನು ದಡಾರನೆ ಎಳೆದುಕೊಂಡರು.

"ಈಗ ಬಾರಿಸು."

ಅವನು ಬಾರಿಸಿದ. ಸರಿಹೋಯಿತೇ ಎಂದು ಕೇಳಲು ಎದ್ದು ಬಾಗಿಲು ಎಳೆದರೆ, ಅವರು ಹೊರಗಿನಿಂದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ತೆಗೀಬೇಡಪ್ಪ. ಇದೇ ಅವಳ ಸದ್ದು. ಇನ್ನೊಂದ್ಸಲ ಬಾರಿಸು."