ತಾಡಪತ್ರಿ ಹಿಡಿದವನು

"ಓಬಳಪ್ಪ, ಊರು ವಡ್ಡು" ಎಂದು ಅಧ್ಯಕ್ಷ ಕೊಟ್ರಬಸಪ್ಪ ಹೆಸರು ಕೂಗಿದರು. ಯಾರೂ ಏಳಲಿಲ್ಲ.

ಸಂಡೂರಿನ ಆ ಲಾರಿ ಚಾಲಕರ ಸಂಘದಲ್ಲಿ, ತೀರಿಕೊಂಡ ಸದಸ್ಯರನ್ನು ವರ್ಷಕ್ಕೊಮ್ಮೆ ನೆನೆಯುವ ದಿನ, ಹಾರ ಹಾಕಿ ದೇವರಂಥ ಮನುಷ್ಯ ಎಂದು ಭಾಷಣ ಬಿಗಿಯುವಂತಿರಲಿಲ್ಲ. ಮನೆಯವರಲ್ಲದ ಯಾರಾದರೊಬ್ಬರು ಎದ್ದು ನಿಂತು, ಸತ್ತವನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಹೇಳಬೇಕು. ಅದನ್ನು ತಾವೇ ಕಂಡಿರಬೇಕು. ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಫೋಟೋವನ್ನು ಗೋಡೆಗೆ ಹಾಕುತ್ತಿದ್ದರು. ಒಬ್ಬನ ಹೆಸರಿಗೆ ಬರೆದದ್ದನ್ನು ಮತ್ತೆ ಇನ್ನೊಬ್ಬನಿಗೆ ಹೇಳುವ ಹಾಗಿಲ್ಲ. ಯಾರೂ ಏಳದಿದ್ದರೆ ಫೋಟೋ ಬಂದ ದಾರಿಯಲ್ಲೇ ಮನೆಗೆ. ಅದಿರಿನ ಲಾರಿಗಳು ಉಸಿರು ಬಿಡದೆ ಓಡುತ್ತಿದ್ದ 2007ರ ಆ ವರ್ಷ ಐದು ಫೋಟೋ ಬಂದಿದ್ದವು. ನಾಲ್ಕು ಆಗಲೇ ಗೋಡೆ ಸೇರಿದ್ದವು.

ಐದನೆಯದು ಓಬಳಪ್ಪನ ಹೆಂಡತಿ ಕರೆಮ್ಮನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಏಳನೆಯ ತರಗತಿಯ ಮಗಳು ರಮಾ. ಗಂಡ ಕುಡುಕ, ಜಗಳಗಂಟ, ಸಾಲು ಮುರಿದು ಲಾರಿ ನುಗ್ಗಿಸುವವನು, ಕೊನೆಗೆ ಕುಡಿದೇ ಓಡಿಸಿ ನಿಂತ ಲಾರಿಗೆ ಗುದ್ದಿ ಸತ್ತವನು. ಇದೆಲ್ಲ ಕರೆಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಮಗಳಿಗೂ ಗೊತ್ತು, ಶಾಲೆಯಲ್ಲಿ ಆಡಿಕೊಳ್ಳುವವರಿಗೇನು ಕಡಿಮೆ? ಅಪ್ಪನ ಬಗ್ಗೆ ಒಂದಾದರೂ ಒಳ್ಳೆಯ ಮಾತು ನಾಲ್ಕು ಜನರ ಮುಂದೆ ಆ ಹುಡುಗಿಯ ಕಿವಿಗೆ ಬೀಳಲಿ ಎಂದೇ ಕರೆಮ್ಮ ಬೆಳಗ್ಗಿನ ಬಸ್ಸು ಹತ್ತಿ ಬಂದಿದ್ದಳು.

"ಇನ್ನೊಂದ್ಸಲ ಕೂಗ್ತೀನ್ರಪಾ. ಓಬಳಪ್ಪ, ವಡ್ಡು."

ಐವತ್ತು ಅರವತ್ತು ಗಂಡಸರು ತಂತಮ್ಮ ಕಾಲ ಬೆರಳು ನೋಡುತ್ತ ಕುಳಿತರು. ಅವರದೂ ತಪ್ಪಿಲ್ಲ, ಓಬಳಪ್ಪನ ಬಾಯಿಂದ ಬೈಸಿಕೊಳ್ಳದವರು ಅಲ್ಲಿ ಯಾರೂ ಇರಲಿಲ್ಲ. "ಹೋಗೂಣು ನಡೀ ಅವ್ವಾ" ಎಂದು ರಮಾ ತಾಯಿಯ ಸೆರಗು ಎಳೆದಳು. ಕರೆಮ್ಮ ಏಳಲಿಲ್ಲ.

ಹಿಂದಿನ ಸಾಲಿನಿಂದ ಮಲಪನಗುಡಿಯ ಎರ್ರೆಪ್ಪ ಎದ್ದ. ಎಲ್ಲರೂ ತಿರುಗಿ ನೋಡಿದರು. ಲೋಡಿನ ಸರದಿಗಾಗಿ ಓಬಳಪ್ಪನ ಕೊರಳಪಟ್ಟಿ ಹಿಡಿದಿದ್ದವನೇ ಈ ಎರ್ರೆಪ್ಪ.

"ಹೋದ ಬ್ಯಾಸಿಗ್ಯಾಗ ಘಾಟಿನ ತಿರುವಿನಾಗ ಆಂಧ್ರದ ಲಾರಿ ಒಂದು ಮಗುಚಿತ್ತಲ್ರಿ" ಎಂದು ಶುರು ಮಾಡಿದ. "ಡ್ರೈವರ್ ಹುಡುಗ ಸ್ಟೇರಿಂಗಿನ ಕೆಳಗ ಸಿಕ್ಕಾಕ್ಕೊಂಡಿದ್ದ. ಉಳಿಯಂಗಿರ್ಲಿಲ್ಲ. ಅಣ್ಣ ಬಂದ್ನಾ, ಅಣ್ಣ ಬಂದ್ನಾ ಅಂತ ತೆಲುಗಿನಾಗ ಒಂದ ಸಮ ಕೇಳ್ತಿದ್ದ. ಓಬಳಪ್ಪ ಕ್ಯಾಬಿನ್ನಿನೊಳಗ ತೂರಿ ಅವನ ತಲಿ ತೊಡಿಮ್ಯಾಲ ಇಟ್ಕೊಂಡ. 'ವಚ್ಚಾನ್ರಾ ತಮ್ಮುಡೂ, ನಾನ ನಿಮ್ಮಣ್ಣ, ಬಂದೀನಿ' ಅಂದ. ಕ್ರೇನ್ ಬರೂತನಕ ಎರಡು ತಾಸು ಹಂಗ ಕುಂತಿದ್ದ. ಬಿಸಿಲು ಬೀಳಬಾರ್ದು ಅಂತ ನಾನು ಹೊರಗ ಲೋಡಿಗೆ ಹೊಚ್ಚೂ ತಾಡಪತ್ರಿ ಹಿಡಕೊಂಡು ನಿಂತಿದ್ದೆ. ಆ ಹುಡುಗ ಅಣ್ಣ ಬಂದಾನ ಅಂತ ತಿಳಕೊಂಡ ಜೀವ ಬಿಟ್ಟ. ಅಷ್ಟ ನಾ ಕಂಡದ್ದು."

ಕೊಟ್ರಬಸಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಪುಸ್ತಕದಲ್ಲಿ ನಿಧಾನವಾಗಿ ಬರೆದರು. "ಫೋಟೋ ಕೊಡವ್ವಾ" ಎಂದಾಗ ರಮಾ ತಾನೇ ಎದ್ದು ಹೋಗಿ ಕೊಟ್ಟಳು. ಅಪ್ಪನ ಫೋಟೋ ಮೊಳೆಗೆ ಸೇರುವ ತನಕ ತಲೆ ಎತ್ತಿಕೊಂಡೇ ನಿಂತಿದ್ದಳು. ಗಂಡ ಸತ್ತ ಈ ಆರು ತಿಂಗಳಲ್ಲಿ ಮಗಳು ಹಾಗೆ ತಲೆ ಎತ್ತಿ ನಿಂತದ್ದನ್ನು ಕರೆಮ್ಮ ಕಂಡಿರಲಿಲ್ಲ.

ಉಪ್ಪಿಟ್ಟು, ಚಹಾ ಮುಗಿದ ಮೇಲೆ ಎರ್ರೆಪ್ಪ ಲಾರಿಯ ಟೈರು ಒದ್ದು ನೋಡುತ್ತಿದ್ದ. ಮಗಳನ್ನು ಬಸ್‌ಸ್ಟಾಂಡಿನ ಕಡೆ ಮುಂದೆ ಕಳಿಸಿ ಕರೆಮ್ಮ ಅವನ ಹತ್ತಿರ ಬಂದಳು.

"ಅಣ್ಣಾ, ತಾಡಪತ್ರಿ ಹಿಡದಾವ್ರು ಅವ್ರು. ಒಳಗ ಕುಂತಾವ್ರು ನೀವು."

ಎರ್ರೆಪ್ಪನ ಕಾಲು ಟೈರಿನ ಮೇಲೇ ನಿಂತಿತು. "ಯಾರು ಹೇಳಿದ್ರು ನಿಂಗ?"

"ಅವ್ರ ಹೇಳಿದ್ರು. ಅವತ್ತ ಮನಿಗೆ ಬಂದು ಎರ್ರೆಪ್ಪ ಹಿಂಗ ಮಾಡಿದ, ಹಂಗ ಮಾಡಿದ ಅಂತ ಹೇಳ್ಕೋಂತ ಅತ್ತಬಿಟ್ರು. ಅವತ್ತೊಂದಿನ ಕುಡೀಲಿಲ್ಲ."

ಎರ್ರೆಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಕೆಂಪು ಧೂಳು ಟವೆಲಿಗೆ ಮೆತ್ತಿತು. ಜಗಳ ಬಿಟ್ಟು ಬೇರೇನೂ ಆಡದ ಆ ಮನುಷ್ಯ ಮನೆಯಲ್ಲಿ ತನ್ನನ್ನು ಹೊಗಳಿದ್ದನೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

"ಇರ್ಲಿ ಬಿಡು ತಂಗಿ. ಕೂಸಿಗೆ ಬೇಕಾಗಿತ್ತು, ಕೊಟ್ಟೆ."

"ಆದ್ರ ಅದು ಅವ್ರ ಹೆಸರಿಗೆ ಬರದಾತಲ್ರಿ. ಮುಂದ ನಿಮ್ಮ ಹೆಸರು ಕೂಗಿದಾಗ ಏನ್ ಹೇಳ್ತಾರ?"

"ಹೇಳಾಕ ಯಾರದಾರ? ಕಂಡಾವ ಅವನೊಬ್ಬ ಇದ್ದ, ಅವನೂ ಹೋದ" ಎಂದು ಎರ್ರೆಪ್ಪ ನಕ್ಕು ಲಾರಿಯ ಬಾಗಿಲು ತೆಗೆದ.

"ನಾನು ಎದ್ದು ನಿಂದ್ರತೀನ್ರಿ. ಇವತ್ತ ನೀವು ಮಾಡಿದ್ದು ಹೇಳ್ತೀನಿ."

"ನಾ ಸುಳ್ಳು ಹೇಳಿದ್ದನ್ನೇನು? ಮಗಳು ಕೇಳಿದ್ರ?"

ಕರೆಮ್ಮ ದೂರದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ರಮಾಳನ್ನು ನೋಡಿದಳು.

"ಆಕಿ ಅದನ್ನ ತಡಕೊಳ್ಳೂವಷ್ಟು ದೊಡ್ಡಾಕಿ ಆಗೂತನಕ ನೀವು ಸಾಯಬ್ಯಾಡ್ರಿ ಅಣ್ಣಾ" ಎಂದಳು.